ಹಳದಿ ಗುಲಾಬಿ ತರುವ ಮುಂಚೆ ಇದನ್ನೊಮ್ಮೆ ಓದಿ

ಜನವರಿಯಲ್ಲಿ ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವನಿಗೆ ಗುಲಾಬಿ ಹುಚ್ಚು ಹಿಡಿಯಿತು. ಮರುವಾರವೇ ಒಂದು ನರ್ಸರಿಗೆ ಹೋಗಿ ಆರು ಹಳದಿ ಗುಲಾಬಿ ತಂದೆ. ಎಲ್ಲ ಕಸಿ ಗಿಡ, ಒಂದಕ್ಕೆ 250 ರೂಪಾಯಿ. ನಮ್ಮ ಮಳೆಗೆ ತಡೆಯುತ್ತದಾ ಅಂತ ಕೇಳಿದ್ದೆ. "ಎಂತ ಆಗುದಿಲ್ಲ ಮಾರಾಯ್ರೆ, ಗೊಬ್ಬರ ಹಾಕಿ ಸಾಕು" ಅಂದರು.

ಮೇ ತನಕ ಹೂವೋ ಹೂವು. ಮಳೆ ಹಿಡಿದು ಹದಿನೈದು ದಿನ ಆಗಿರಲಿಲ್ಲ, ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ ಕಂಡಿತು. ಒದ್ದೆ ಕಾಗದಕ್ಕೆ ಶಾಯಿ ಬಿದ್ದ ಹಾಗೆ, ಅಂಚೆಲ್ಲ ಚೂರುಚೂರು ಹರಡಿಕೊಂಡಿತ್ತು. ಸುತ್ತ ಎಲೆ ಹಳದಿಯಾಯಿತು, ಮುಟ್ಟಿದರೆ ಕೈಗೇ ಬರುತ್ತಿತ್ತು. ಆಗಸ್ಟ್ ಮಧ್ಯದಲ್ಲಿ ಆಟಿ ತಿಂಗಳು ಮುಗಿಯುವಾಗ ಆರೂ ಗಿಡ ಬರೀ ಮುಳ್ಳಿನ ಕಡ್ಡಿ. ಭಾವನ ತೋಟದಲ್ಲಿ ಅಡಿಕೆಗೆ ಅಂತ ಕಲಸಿದ್ದ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮದ್ದು) ತಂದು ಹೊಡೆದೆ. ಅದು ರೋಗ ಬರುವ ಮುಂಚೆ ಹೊಡೆಯಬೇಕಾದ ಮದ್ದು, ಚುಕ್ಕೆ ಬಿದ್ದ ಎಲೆಗೆ ಏನು ಮಾಡೀತು? ನಾಲ್ಕು ಗಿಡ ಸತ್ತವು. ಪಕ್ಕದಲ್ಲೇ ಇದ್ದ ಅಮ್ಮನ ಕಾಲದ ಊರ ಗುಲಾಬಿಗೂ ಚುಕ್ಕೆ ಬಂದಿತ್ತು, ಆದರೆ ಅದು ಆರಾಮಾಗಿ ಚಿಗುರಿತು.

ಆಮೇಲೆ ಕೂತು ಓದಿದೆ. ಇದು ಡಿಪ್ಲೊಕಾರ್ಪನ್ ರೋಸೇ ಅನ್ನೋ ಶಿಲೀಂಧ್ರದ ಕೆಲಸ. ಎಲೆ ಸುಮಾರು ಏಳು ಗಂಟೆ ಒದ್ದೆಯಿದ್ದರೆ ಅದಕ್ಕೆ ಸಾಕು. ನಮ್ಮಲ್ಲಿ ಜುಲೈಯಲ್ಲಿ ಏಳು ದಿನವಾದರೂ ಎಲೆ ಒಣಗುವುದಿಲ್ಲ!

ಹಳದಿಗೇ ಯಾಕೆ ಜಾಸ್ತಿ? ಇಂದಿನ ಗುಲಾಬಿಗಳಿಗೆ ಗಾಢ ಹಳದಿ ಬಂದದ್ದು ಪರ್ಷಿಯನ್ ಯೆಲ್ಲೋ ಅನ್ನೋ ಗುಲಾಬಿಯಿಂದ. ಫ್ರಾನ್ಸಿನಲ್ಲಿ ಗುಲಾಬಿ ತಳಿ ಬೆಳೆಸುತ್ತಿದ್ದ ಪೆರ್ನೆ ಡುಶೆ ಅದನ್ನು ಬೇರೆ ಗುಲಾಬಿಯ ಜೊತೆ ಕೂಡಿಸಿ 1900ರಲ್ಲಿ ಸೊಲೇ ದೋರ್ ಅನ್ನೋ ತಳಿ ತಂದರು. ಪರ್ಷಿಯನ್ ಯೆಲ್ಲೋಗೆ ಕಪ್ಪು ಚುಕ್ಕೆ ಅಂದರೆ ತಡೆಯುವ ಶಕ್ತಿಯೇ ಇಲ್ಲ. ಬಣ್ಣದ ಜೊತೆ ಆ ದುರ್ಬಲತೆಯೂ ಬಳುವಳಿಯಾಗಿ ಬಂತು. ಅಂದರೆ ತಪ್ಪು ಬಣ್ಣದ್ದಲ್ಲ, ವಂಶದ್ದು. ಈಗ ರೋಗ ತಡೆಯುವ ಹಳದಿ ತಳಿಗಳೂ ಇವೆ, ಆದರೆ ತಳಿಯ ಹೆಸರೇ ಇಲ್ಲದೆ ಮಾರುವ ಗಿಡ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಉಳಿದ ಎರಡನ್ನು ಮಳೆ ನೀರು ಬೀಳದ ಹಾಗೆ ಮಾಡಿನಡಿ ಇಟ್ಟಿದ್ದೇನೆ. ನೀರು ಬುಡಕ್ಕೆ ಮಾತ್ರ. ಬಿದ್ದ ಎಲೆ ದಿನಾ ಹೆಕ್ಕಿ ಸುಡುತ್ತೇನೆ, ಶಿಲೀಂಧ್ರ ಅದರಲ್ಲೇ ಉಳಿಯುತ್ತದೆ. ನೀವು ಕೊಳ್ಳುವುದಾದರೆ ತಳಿಯ ಹೆಸರು ಕೇಳಿ. ಗಿಡ ನಮ್ಮ ಕಡೆ ಒಂದು ಮಳೆಗಾಲ ಕಳೆದಿದೆಯಾ ಅಂತಲೂ ಕೇಳಿ.

ಮೊನ್ನೆ ನಾನೂ ಅದೇ ನರ್ಸರಿಯಲ್ಲಿ ಕೇಳಿದೆ. "ಇಲ್ಲ, ಹೋದ ವಾರ ಘಟ್ಟದ ಮೇಲಿಂದ ಬಂದ ಲೋಡ್" ಅಂದರು. ಸುಮ್ನೆ ಒಂದು ಅಬ್ಬಲಿಗೆ ಗಿಡ ಹಿಡಿದುಕೊಂಡು ಮನೆಗೆ ಬಂದೆ.