ಕಲಿಸಲು ಬರುವ ಶಸ್ತ್ರವೈದ್ಯರ ತಂಡ: ಕರೆಸುವ ಆಸ್ಪತ್ರೆಗಳಿಗೊಂದು ವಿಮರ್ಶೆ

ಹುಟ್ಟಿನಿಂದಲೇ ಅಂಗದೋಷವಿರುವ ಮಕ್ಕಳಿಗಾಗಿ ಹೊರದೇಶದಿಂದ ಬರುವ ಸ್ವಯಂಸೇವಕ ತಂಡಗಳಲ್ಲಿ ಎರಡು ಬಗೆ. ಒಂದು ತಂಡ ವಾರದಲ್ಲಿ ಎಷ್ಟು ಆಪರೇಷನ್ ಆಯಿತೆಂದು ಲೆಕ್ಕ ಕೊಡುತ್ತದೆ. ಇನ್ನೊಂದು, ತಾನು ಹೊರಟ ಮೇಲೆ ಅದೇ ಆಪರೇಷನ್ ಅನ್ನು ಸ್ಥಳೀಯರು ಮಾಡಬಲ್ಲರೇ ಎಂದು ನೋಡುತ್ತದೆ. ಕರೆಸಬೇಕಾದ್ದು ಎರಡನೆಯದನ್ನು. ಸೇವೆ ಉಚಿತವಾದರೂ ಒಂದು ವಾರ ಥಿಯೇಟರ್, ಐಸಿಯು ಹಾಸಿಗೆ, ರಕ್ತ, ನರ್ಸ್‌ಗಳ ಪಾಳಿ ಎಲ್ಲವನ್ನೂ ಆಸ್ಪತ್ರೆ ಇದಕ್ಕೇ ಮೀಸಲಿಡಬೇಕು. ಹಾಗಾಗಿ ಆರಿಸುವಾಗ ಸಂಕೋಚ ಬೇಡ.

ತಂಡದ ಗುಣ ಅಳೆಯಲು ಗುದದ್ವಾರವಿಲ್ಲದೆ ಹುಟ್ಟಿದ ಗಂಡುಮಗುವಿನ ಚಿಕಿತ್ಸೆ ಒಳ್ಳೆಯ ಒರೆಗಲ್ಲು. ಹೆಚ್ಚಿನವರಲ್ಲಿ ಅದು ಮೂರು ಹಂತದ್ದು: ಮೊದಲು ಕೊಲೊಸ್ಟೊಮಿ (ಮಲ ಹೊರಹೋಗಲು ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದಿಡುವ ದಾರಿ), ತಿಂಗಳುಗಳ ನಂತರ ಗುದದ್ವಾರ ರಚನೆ, ಕೊನೆಗೆ ಕೊಲೊಸ್ಟೊಮಿ ಮುಚ್ಚುವುದು. ತಂಡದ ಕಣ್ಣೆಲ್ಲ ನಡುವಿನ ಹಂತದ ಮೇಲೆ. ಕೆಡುವುದು ಮಾತ್ರ ಹೆಚ್ಚಾಗಿ ಅದರ ಹಿಂದೆ ಮುಂದೆ. ಕೊಲೊಸ್ಟೊಮಿಯನ್ನು ತೀರ ಕೆಳಗೆ ಮಾಡಿಬಿಟ್ಟರೆ ಕೆಳಕ್ಕೆ ಎಳೆದು ತರಲು ಕರುಳು ಸಾಲುವುದಿಲ್ಲ. ತೆರೆದ ಕರುಳಿನ ಎರಡು ಬಾಯಿಗಳನ್ನು ಬೇರ್ಪಡಿಸದೆ ಇದ್ದರೆ ಮಲ ಕೆಳಗಿನ ಕರುಳಿಗೆ ಜಾರಿ, ಫಿಸ್ಟುಲಾ (ಕರುಳಿಗೂ ಮೂತ್ರನಾಳಕ್ಕೂ ನಡುವೆ ಹುಟ್ಟಿನಿಂದಲೇ ಇರುವ ಸಣ್ಣ ದಾರಿ) ಮೂಲಕ ಮೂತ್ರದ ಸೋಂಕು ತರುತ್ತದೆ. ಅಂದರೆ ತುರ್ತಿನಲ್ಲಿ ಈ ಕೊಲೊಸ್ಟೊಮಿ ಮಾಡುವ ವೈದ್ಯರಿಗೇ ಮೊದಲ ಪಾಠ ಸಿಗಬೇಕು. ಅದನ್ನು ಕಾರ್ಯಕ್ರಮದಲ್ಲಿ ಸೇರಿಸದ ತಂಡ ಅರ್ಧ ಮಾತ್ರ ಕಲಿಸುತ್ತದೆ.

ಆಪರೇಷನ್‌ಗೆ ಮುನ್ನ ಕೆಳಗಿನ ಕರುಳಿಗೆ ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಹಾಯಿಸಿ ತೆಗೆದ ಎಕ್ಸ್‌ರೇ ಬೇಕೇಬೇಕು. ಒತ್ತಡ ಕೊಟ್ಟು ಹಾಯಿಸದಿದ್ದರೆ ಸುತ್ತಲ ಸ್ನಾಯು ಕರುಳನ್ನು ಅದುಮಿ ಹಿಡಿಯುತ್ತದೆ, ಮೂತ್ರನಾಳಕ್ಕೆ ಕೂಡುವ ಫಿಸ್ಟುಲಾ ಕಾಣಿಸುವುದೇ ಇಲ್ಲ. ಆಗ ಶಸ್ತ್ರವೈದ್ಯರು ಕರುಳನ್ನು ಕುರುಡಾಗಿ ಹುಡುಕಲು ಹೋಗಿ ಮೂತ್ರನಾಳಕ್ಕೋ ವೀರ್ಯನಾಳಕ್ಕೋ ಗಾಯ ಮಾಡುತ್ತಾರೆ. ಈ ಚಿತ್ರಗಳ ಜೊತೆ ಹೃದಯದ ಎಕೋ, ಮೂತ್ರಪಿಂಡದ ಸ್ಕ್ಯಾನ್, ಬೆನ್ನುಮೂಳೆಯ ಎಕ್ಸ್‌ರೇಗಳನ್ನೂ ಹೊರಡುವ ಮುನ್ನವೇ ಕೇಳುವ ತಂಡವನ್ನು ನಂಬಬಹುದು. ಈ ಮಕ್ಕಳಲ್ಲಿ ಆ ಅಂಗಗಳ ದೋಷವೂ ಜೊತೆಗೂಡಿ ಬರುವುದು ಸಾಮಾನ್ಯ.

ಥಿಯೇಟರ್ ಒಳಗೆ ನೋಡಬೇಕಾದ್ದು ಕತ್ತರಿ ಯಾರ ಕೈಯಲ್ಲಿದೆ ಎಂಬುದನ್ನು. ಮಕ್ಕಳ ಶಸ್ತ್ರವೈದ್ಯ ಅಲ್ಬೆರ್ಟೊ ಪೆನ್ಯಾ 1980ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನದಲ್ಲಿ ಮಗುವನ್ನು ಬೋರಲು ಮಲಗಿಸಿ, ಸೊಂಟ ಎತ್ತರಿಸಿ, ನಟ್ಟನಡುವೆ ಸೀಳುತ್ತಾರೆ. ಎರಡೂ ಬದಿಯ ಸ್ನಾಯು ಸಮನಾಗಿ ಸೆಳೆಯುತ್ತಿದೆಯೇ ಎಂದು ಸಣ್ಣ ವಿದ್ಯುತ್ ಕೊಡುವ ಸ್ಟಿಮ್ಯುಲೇಟರ್ ಇಟ್ಟು ನೋಡುತ್ತಾರೆ. ಅತಿ ಕಷ್ಟದ್ದು ಕರುಳಿಗೂ ಮೂತ್ರನಾಳಕ್ಕೂ ಇರುವ ಒಂದೇ ಗೋಡೆಯನ್ನು ಬಿಡಿಸುವುದು. ಆ ಹೊತ್ತಿಗೆ ಅತಿಥಿ ವೈದ್ಯರು ಉಪಕರಣವನ್ನು ತಾವೇ ಕಸಿದುಕೊಂಡರೆ ಸ್ಥಳೀಯರು ಕಲಿತದ್ದು ಸೀಳುವುದನ್ನು ಮತ್ತು ಹೊಲಿಯುವುದನ್ನು ಮಾತ್ರ. ಒಳ್ಳೆಯ ತಂಡದಲ್ಲಿ ಮೊದಲ ಕೇಸ್ ಅತಿಥಿಗಳದು, ಆಮೇಲಿನವು ಸ್ಥಳೀಯರವು, ಅತಿಥಿ ಎದುರಿಗೆ ನಿಂತು ನೆರವಾಗುತ್ತಾರೆ. ದಿನಕ್ಕೆ ಎರಡೇ ಕೇಸ್ ಆಗಬಹುದು, ಆಗಲಿ. ಹೊರಡುವ ಹಿಂದಿನ ದಿನ ದೊಡ್ಡ ಆಪರೇಷನ್ ಇಟ್ಟುಕೊಳ್ಳುವ ತಂಡಕ್ಕೆ ಬೇಡ ಎನ್ನಿ.

ಆಪರೇಷನ್ ಆದ ಎರಡು ವಾರದ ನಂತರ ಡೈಲೇಟರ್, ಅಂದರೆ ಹೊಸ ಗುದದ್ವಾರ ಬಿಗಿಯದಂತೆ ಹಿಗ್ಗಿಸುವ ನಯವಾದ ಕಡ್ಡಿ, ಶುರು. ದಿನಕ್ಕೆ ಎರಡು ಸಲ, ವಾರಕ್ಕೆ ಒಂದು ಮಿಲಿಮೀಟರ್ ದಪ್ಪ ಹೆಚ್ಚಿಸುತ್ತ, ನಾಲ್ಕು ತಿಂಗಳೊಳಗಿನ ಮಗುವಿಗೆ 12, ಒಂದರಿಂದ ಮೂರು ವರ್ಷದವರಿಗೆ 15ನೇ ನಂಬರು ಸಲೀಸಾಗಿ ಹೋಗುವವರೆಗೆ. ಇದನ್ನು ಮಾಡಬೇಕಾದವಳು ತಾಯಿ, ಆ ಹೊತ್ತಿಗೆ ತಂಡ ಊರು ಬಿಟ್ಟಿರುತ್ತದೆ. ಮಗು ಅಳುತ್ತದೆಂದು ನಿಲ್ಲಿಸಿದರೆ ದಾರಿ ಬಿಗಿದು, ಮಲಬದ್ಧತೆ ಬಂದು, ಕರುಳು ಉಬ್ಬಿ, ಅಷ್ಟು ಅಚ್ಚುಕಟ್ಟಾದ ಆಪರೇಷನ್ ವ್ಯರ್ಥವಾಗುತ್ತದೆ. ಆದ್ದರಿಂದ ಪ್ರತಿ ತಾಯಿಗೂ ಡೈಲೇಟರ್ ಕೊಟ್ಟು, ಅವಳ ಭಾಷೆಯಲ್ಲೇ ಕಲಿಸಿ, ಎದುರಿಗೆ ಮಾಡಿಸಿ ನೋಡುವ ಒಬ್ಬ ಸ್ಥಳೀಯ ನರ್ಸ್ ಇಲ್ಲದ ಕಡೆ ಈ ಆಪರೇಷನ್ ಶುರುಮಾಡಲೇಬಾರದು. ಅರಿವಳಿಕೆ ತಜ್ಞರನ್ನೂ ನರ್ಸ್‌ಗಳನ್ನೂ ಕರೆತರದೆ ಬರೀ ಶಸ್ತ್ರವೈದ್ಯರು ಬರುವ ತಂಡಗಳ ದೊಡ್ಡ ಕೊರತೆ ಇದೇ: ಆ ಸ್ಥಳೀಯ ನರ್ಸ್‌ಗೆ ಕಲಿಸುವವರು ಇರುವುದಿಲ್ಲ.

ಎಲ್ಲ ದೋಷಕ್ಕೂ ಒಂದು ವಾರದ ಭೇಟಿ ಹೊಂದುವುದಿಲ್ಲ. ತಿರುಚಿದ ಪಾದಕ್ಕೆ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಬದಲಿಸಬೇಕು, ಆಮೇಲೆ ವರ್ಷಗಟ್ಟಲೆ ಪಾದ ಮತ್ತೆ ತಿರುಚದಂತೆ ಹಿಡಿಯುವ ಬ್ರೇಸ್. ವಾರದ ತಂಡ ಒಂದು ಮಗುವನ್ನೂ ಪೂರ್ತಿ ತೋರಿಸಲಾರದು. ಉಗಾಂಡಾದ ಎಂಬಾಲೆಯಲ್ಲಿ ಅಮೆರಿಕದ ನರಶಸ್ತ್ರವೈದ್ಯ ಬೆಂಜಮಿನ್ ವಾರ್ಫ್ 2000ರ ನಂತರ ವರ್ಷಗಳ ಕಾಲ ಅಲ್ಲೇ ನೆಲೆಸಿ, ತಲೆಯಲ್ಲಿ ನೀರು ತುಂಬುವ ಶಿಶುಗಳಿಗೆ ಷಂಟ್ (ತಲೆಯ ನೀರನ್ನು ಹೊರಗೆ ಹರಿಸಲು ಒಳಗಿಡುವ ನಳಿಕೆ) ಇಲ್ಲದೆ ಎಂಡೊಸ್ಕೋಪ್‌ನಿಂದ ಮಾಡುವ ಚಿಕಿತ್ಸೆಯನ್ನು ಬೆಳೆಸಿದರು. ಆಸ್ಪತ್ರೆಯಿಂದ ದೂರದ ಹಳ್ಳಿಯಲ್ಲಿ ಷಂಟ್ ಮುಚ್ಚಿಹೋದರೆ ಮಗುವಿನ ಜೀವಕ್ಕೇ ಅಪಾಯ. ಮುಂದೆ ಉಗಾಂಡಾದವರೇ ಆ ಚಿಕಿತ್ಸೆಯನ್ನು ಮುಂದುವರಿಸಿದರು.

ಮರುವರ್ಷ ಅದೇ ತಂಡ ಬಂದಾಗ ಮೊದಲ ದಿನ ನೋಡಬೇಕಾದ್ದು ಹಿಂದಿನ ವರ್ಷದ ಮಕ್ಕಳನ್ನು. ಮಲ ತಡೆದುಕೊಳ್ಳುವ ಶಕ್ತಿ ಬಂದಿದೆಯೇ ಎಂದು ತಿಳಿಯುವುದು ಮಗುವಿಗೆ ಮೂರು ವರ್ಷ ತುಂಬಿದ ಮೇಲೆ. ಒಪ್ಪಂದಕ್ಕೆ ಸಹಿ ಹಾಕುವಾಗ ಅವಧಿ ಅದಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ.