ಬೆಂಡ್ ಪೈಪಿನ ಹೀಟ್ ವ್ರ್ಯಾಪ್: ಎರಡು ಮಳೆಗಾಲ ಕಳೆದ ಮೇಲೆ

ಭಾನುವಾರ ಕೈಮರದಿಂದ ಮುಳ್ಳಯ್ಯನಗಿರಿ ಕಡೆಗೆ ಬೈಕಿನಲ್ಲಿ ಹತ್ತಿದವರಿಗೆಲ್ಲ ಈ ಸಂಕಟ ಗೊತ್ತು. ಮುಂದೆ ಜೀಪು, ಹಿಂದೆ ಕಾರು, ಮೊದಲ ಗೇರಿನಲ್ಲಿ ತೆವಳುವ ಸಾಲು. ಮೈಗೆ ತಂಗಾಳಿ ಬಡಿಯುತ್ತಿರುತ್ತದೆ, ಬಲಗಾಲು ಮಾತ್ರ ಮೊಣಕಾಲಿನಿಂದ ಕೆಳಗೆ ಒಲೆಯ ಬಾಯಿಗೆ ಒಡ್ಡಿದಂತಿರುತ್ತದೆ. ಏರ್ ಕೂಲ್ಡ್ ಎಂಜಿನ್ನಿಗೆ ಬೈಕಿನ ಓಟವೇ ಫ್ಯಾನು. ಓಟ ನಿಂತರೆ ಎಂಜಿನ್ನಿನ ಮೇಲ್ತುದಿಯಾದ ಹೆಡ್ಡಿನ ಬಿಸಿಯೂ ಅಲ್ಲಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿನ ಝಳವೂ ನೇರ ಕಾಲಿಗೇ. ಅದಕ್ಕೆಂದು 350 ಸಿಸಿ ಸಿಂಗಲ್ ಸಿಲಿಂಡರ್ ಟೂರಿಂಗ್ ಬೈಕಿನ ಬೆಂಡ್ ಪೈಪಿಗೆ ಸುತ್ತಿದ ಹೀಟ್ ವ್ರ್ಯಾಪ್, ಅಂದರೆ ಬಿಸಿ ತಡೆಯುವ ಗ್ಲಾಸ್ ಫೈಬರ್ ಪಟ್ಟಿ, ಈಗ ಎರಡು ಬೇಸಿಗೆ, ಎರಡು ಮಳೆಗಾಲ ಕಂಡಿದೆ. ಬರೆಯಲು ಇಷ್ಟು ಸಮಯ ಸಾಕು.

ಕಾಲಿಗೆ ಸಿಕ್ಕ ಆರಾಮ ನಿಜವಾದದ್ದು. ಏಪ್ರಿಲ್ ಬಿಸಿಲಿನಲ್ಲಿ ಕಡೂರು, ಬೀರೂರಿನ ಬಯಲಲ್ಲಿ ಐದು ನಿಮಿಷ ಎಲ್ಲಾದರೂ ನಿಂತರೆ ವ್ಯತ್ಯಾಸ ತಿಳಿಯುತ್ತದೆ: ಪೈಪಿನ ಕಡೆಯಿಂದ ಬರುತ್ತಿದ್ದ ಝಳ ಅರ್ಧಕ್ಕಿಂತ ಕಡಿಮೆಯಾದಂತೆ ಅನ್ನಿಸುತ್ತದೆ. ನಿರೀಕ್ಷಿಸದೇ ಇದ್ದ ಲಾಭ ಇನ್ನೊಂದು. ಮಳೆ ಪ್ಯಾಂಟಿನ ಅಂಚು ಬೆಂಡ್ ಪೈಪಿಗೆ ತಾಗಿ ಕರಗಿ ಅಂಟಿಕೊಳ್ಳುವ ಕಾಟ ಹೆಚ್ಚುಕಮ್ಮಿ ತಪ್ಪಿತು. ಪಟ್ಟಿಯ ಮೇಲ್ಮೈಯೂ ಬಿಸಿಯೇ, ಆದರೆ ಬರಿಯ ಲೋಹದ ಹಾಗೆ ಮುಟ್ಟಿದ ಕೂಡಲೇ ಸುಡುವುದಿಲ್ಲ.

ಒಂದು ಮಾತು ಇಲ್ಲೇ ಸ್ಪಷ್ಟವಾಗಲಿ. ಈ ಪಟ್ಟಿ ಎಂಜಿನ್ನನ್ನು ತಂಪು ಮಾಡುವುದಿಲ್ಲ. ಅದು ಬಿಸಿಯನ್ನು ಪೈಪಿನ ಒಳಗೇ ಕೂಡಿಹಾಕಿ ಸೈಲೆನ್ಸರಿನ ಕಡೆಗೆ ದಾಟಿಸುತ್ತದೆ, ಅಷ್ಟೇ. ಹೆಡ್ಡಿನ ಫಿನ್ನುಗಳಿಂದ (ಬಿಸಿ ಹೊರಬಿಡುವ ತೆಳು ಲೋಹದ ಪಟ್ಟೆಗಳಿಂದ) ಬರುವ ಬಿಸಿ ಇದ್ದ ಹಾಗೇ ಇರುತ್ತದೆ, ಪೈಪಿನ ಲೋಹವಂತೂ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಘಾಟಿ ಹತ್ತುವಾಗ ಪವರ್ ಬೀಳುವುದು, ಎಂಜಿನ್ನು ಟಕಟಕ ಬಡಿಯುವುದು ಇದ್ದರೆ ಅದಕ್ಕೆ ಮದ್ದು ಬೇರೆ.

ಸುತ್ತುವವರಿಗೆ ಲೆಕ್ಕ ಹೇಳುತ್ತೇನೆ. 50 ಮಿ.ಮೀ. ಅಗಲದ ಪಟ್ಟಿ ಸಾಕು. 38 ಮಿ.ಮೀ. ವ್ಯಾಸದ, 70 ಸೆಂ.ಮೀ. ಉದ್ದದ ಪೈಪಿಗೆ 6 ಮಿ.ಮೀ. ಮೇಲುಹೊದಿಕೆ ಬಿಟ್ಟು ಸುತ್ತಿದರೆ 16 ಸುತ್ತು, ಅಂದರೆ ಸುಮಾರು 2 ಮೀಟರು. ತಿರುವಿಗೆ, ತುದಿಗೆ ಸೇರಿಸಿ 3 ಮೀಟರು ಎಂದುಕೊಳ್ಳಿ. 5 ಮೀಟರಿನ ರೋಲು ಧಾರಾಳ. ದೊಡ್ಡ ರೋಲು ಸಿಕ್ಕಿತೆಂದು ಎರಡು ಪದರ ಸುತ್ತಬೇಡಿ. ಝಳ ಇನ್ನೊಂಚೂರು ಇಳಿಯಬಹುದು, ನೀರು ಮಾತ್ರ ಎರಡರಷ್ಟು ಹಿಡಿಯುತ್ತದೆ.

ಪೈಪನ್ನು ಬಿಚ್ಚಿಯೇ ಸುತ್ತಬೇಕು. ಬೈಕಿನ ಮೇಲಿದ್ದಾಗಲೇ ಸುತ್ತಿದರೆ ಒಳಮೈಯಲ್ಲಿ ಪಟ್ಟಿ ಸಡಿಲ ಕೂರುತ್ತದೆ. ಬಿಚ್ಚಿದ ಮೇಲೆ ಹೆಡ್ಡಿನ ಬಾಯಿಯ ಗ್ಯಾಸ್ಕೆಟ್ ಹೊಸದು ಹಾಕಿ, ಹಳೆಯದು ಜಜ್ಜಿ ಹೋಗಿರುತ್ತದೆ, ಮತ್ತೆ ಸೀಲ್ ಆಗುವುದಿಲ್ಲ. ತುಕ್ಕಿದ್ದಲ್ಲಿ ಎಮರಿ ಪೇಪರಿನಿಂದ ಉಜ್ಜಿ, ಥಿನ್ನರಿನಿಂದ ಒರೆಸಿ, ಹೆಚ್ಚು ಬಿಸಿ ತಡೆಯುವ ಸಿಲಿಕೋನ್ ಪೇಂಟನ್ನು ತೆಳುವಾಗಿ ಎರಡು ಕೋಟು ಹೊಡೆಯಿರಿ. ಗ್ಲಾಸ್ ಫೈಬರ್ ಪಟ್ಟಿಯನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ ಹಿಂಡಿದರೆ ಮೆತ್ತಗಾಗಿ ತಿರುವಿಗೆ ಚೆನ್ನಾಗಿ ಕೂರುತ್ತದೆ, ಎಳೆಯ ಪುಡಿಯೂ ಹಾರುವುದಿಲ್ಲ. ಬಸಾಲ್ಟ್ ಎಳೆಯ ಪಟ್ಟಿಗೆ ನೆನೆಸುವ ಅಗತ್ಯವಿಲ್ಲ. ಯಾವುದೇ ಆದರೂ ತುಂಬುತೋಳಿನ ಅಂಗಿ, ಗ್ಲೌಸು, ಮಾಸ್ಕು ಬೇಕೇ ಬೇಕು. ಬರಿಗೈಯಲ್ಲಿ ಮುಟ್ಟಿದರೆ ದಿನವಿಡೀ ತುರಿಕೆ.

ಸುತ್ತುವ ದಿಕ್ಕಿನಲ್ಲಿ ಎಷ್ಟೋ ಗ್ಯಾರೇಜುಗಳೂ ತಪ್ಪುತ್ತವೆ. ನಮ್ಮಲ್ಲಿ ಮನೆಗೆ ಹೆಂಚು ಹೊದಿಸುವುದು ಸೂರಿನಿಂದ ಮೇಲಕ್ಕೆ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂರುವ ಹಾಗೆ. ಪಟ್ಟಿಯೂ ಹಾಗೆಯೇ: ಸೈಲೆನ್ಸರ್ ತುದಿಯಲ್ಲಿ ಎರಡು ಸುತ್ತು ಒಂದೇ ಜಾಗದಲ್ಲಿ ಹಾಕಿ ಸ್ಟೀಲ್ ಟೈ ಬಿಗಿದು, ಹೆಡ್ಡಿನ ಕಡೆಗೆ ಹತ್ತಬೇಕು. ಉಲ್ಟಾ ಸುತ್ತಿದರೆ ಪ್ರತಿ ಸುತ್ತಿನ ಅಂಚೂ ಬೊಗಸೆಯಂತೆ ಮೇಲ್ಮುಖವಾಗಿ ನಿಂತು ನೀರು ಹಿಡಿಯುತ್ತದೆ. ತಿರುವಿನಲ್ಲಿ ಒಳಬದಿಯ ಮೇಲುಹೊದಿಕೆ ತಾನಾಗಿ ದಪ್ಪವಾಗುತ್ತದೆ, ಆದ್ದರಿಂದ 6 ಮಿ.ಮೀ. ಅಳತೆಯನ್ನು ಹೊರಬದಿಯಲ್ಲಿ ನೋಡಿ. ಪೈಪನ್ನು ಹೆಡ್ಡಿಗೆ ಬಿಗಿಯುವ ಫ್ಲೇಂಜಿನ ಹತ್ತಿರ ಎರಡು ಬೆರಳಷ್ಟು ಜಾಗ ಬಿಡಿ, ನಟ್ಟಿಗೆ ಸ್ಪ್ಯಾನರ್ ಹೋಗಬೇಕಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುವಲ್ಲಿ ಪಟ್ಟಿ ಅದರ ಎರಡೂ ಬದಿಗೆ ನಿಲ್ಲಲಿ, ಮುಚ್ಚಬಾರದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಉಬ್ಬಿಗೆ ಸುತ್ತಲೇಬಾರದು, ಅದು ತಾನೇ ಬಿಸಿ ಹುಟ್ಟಿಸುವ ಭಾಗ. ವಾರಂಟಿ ಇನ್ನೂ ಇದ್ದರೆ ಅದರ ಷರತ್ತುಗಳನ್ನು ಮೊದಲೇ ಓದಿಕೊಳ್ಳಿ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ, ಘಾಟು ಬರುತ್ತದೆ. ಪಟ್ಟಿಯಲ್ಲಿನ ಅಂಟು ಉರಿಯುವುದರಿಂದ ಹಾಗೆ, ಗಾಬರಿ ಬೇಡ. ಬಯಲಲ್ಲಿ ನಿಲ್ಲಿಸಿ ಒಂದಿಷ್ಟು ಕಾಯಿಸಿ, ಆರಿದ ಮೇಲೆ ಟೈಗಳನ್ನು ಮತ್ತೊಮ್ಮೆ ಬಿಗಿಯಿರಿ.

ಇಷ್ಟೆಲ್ಲ ಮಾಡಿದರೆ ಮೇ ಕೊನೆಯವರೆಗೆ ಐದಕ್ಕೆ ಐದು ಅಂಕ. ಜೂನ್ ಬಂತು.

ಮಲೆನಾಡಿನ ಮಳೆಗೆ ಈ ಪಟ್ಟಿ ಒದ್ದೆ ಗೋಣಿಚೀಲ. ಮುಂದಿನ ಚಕ್ರ ಎರಚುವ ಕೆಸರುನೀರು ಬೀಳುವುದೇ ಬೆಂಡ್ ಪೈಪಿನ ಮೇಲೆ. ನೀರು ಎಳೆಯೊಳಗೆ ಇಂಗಿ ಪೈಪು ಎಂಜಿನ್ನಿನ ಕೆಳಗೆ ತಿರುಗುವ ತಗ್ಗಿನಲ್ಲಿ ನಿಲ್ಲುತ್ತದೆ. ಕಡೂರಿನ ಕಡೆಗೆ ಬಯಲುಸೀಮೆಯ ಒಣ ರಸ್ತೆಯಲ್ಲಿ ಗಂಟೆ ಓಡಿದರೆ ಒಣಗೀತು. ಆದರೆ ಮಳೆಗಾಲದ ಓಡಾಟ ಹಾಗಲ್ಲ: ಮನೆಯಿಂದ ಪೇಟೆ, ಪೇಟೆಯಿಂದ ಮನೆ, ಎರಡು ಮೂರು ಕಿಲೋಮೀಟರು. ಪೈಪು ಬೆಚ್ಚಗಾಗುತ್ತದೆ, ಒಣಗುವುದಿಲ್ಲ. ಬಿಸಿ, ನೀರು, ಗಾಳಿ ಮೂರೂ ಸೇರಿ ಕಬ್ಬಿಣ ತಿನ್ನಲು ಇದಕ್ಕಿಂತ ಒಳ್ಳೆ ಏರ್ಪಾಡು ಬೇಕಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಬಚ್ಚಲ ಹಂಡೆಯ ಹಾಗೆ ಪೈಪಿನಿಂದ ಆವಿ ಏಳುವುದು ನೋಡಲು ಚೆಂದ. ಆ ಆವಿ ಒಳಗಿನ ತುಕ್ಕಿನ ಸುದ್ದಿ ಎಂದು ಗೊತ್ತಾಗುವುದು ತಡವಾಗಿ.

ಮೊದಲ ಮಳೆಗಾಲದಲ್ಲಿ ದಿನದ ಪರಿಪಾಠ ಹೀಗಿತ್ತು. ವಾಪಸಾಗುವಾಗ ಕೊನೆಗೆ ಹತ್ತು ಹದಿನೈದು ನಿಮಿಷ ನಿಲ್ಲಿಸದೆ ಓಡಿಸುವುದು. ಬೈಕು ಪೂರ್ತಿ ತಣ್ಣಗಾದ ಮೇಲೆ ಗ್ಲೌಸು ಹಾಕಿದ ಬೆರಳಿನಿಂದ ಪೈಪಿನ ತಗ್ಗನ್ನು ಒತ್ತಿ ಪಸೆ ನೋಡುವುದು. ಪಸೆಯಿದ್ದರೆ ಕವರ್ ಹೊದಿಸದೆ ಸೂರಿನಡಿ ಗಾಳಿಗೆ ಬಿಡುವುದು. ಪಟ್ಟಿಯ ಮೇಲೆ ಸಿಲಿಕೋನ್ ಸ್ಪ್ರೇ ಕೂಡ ಹೊಡೆದದ್ದುಂಟು. ಸ್ಪ್ರೇ ಒಂದು ಋತು ಬಾಳುತ್ತದೆ. ತಿರುವಿನಲ್ಲಿ ಬಿರುಕು ಬಿಟ್ಟ ಮೇಲೆ ನೀರನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹಾಕದಿದ್ದರೇ ಚೆನ್ನ.

ಎರಡನೇ ಮಳೆಗಾಲ ಮುಗಿದು ಪಟ್ಟಿ ಬಿಚ್ಚಿದಾಗ ಪೈಪಿನ ಮೇಲ್ಭಾಗ ಬಣ್ಣಗೆಟ್ಟಿತ್ತು, ಅಷ್ಟೇ. ತಗ್ಗಿನಲ್ಲಿ ಮಾತ್ರ ತುಕ್ಕು ಚಕ್ಕೆಚಕ್ಕೆಯಾಗಿ ಎದ್ದು ಬಂತು, ವೆಲ್ಡಿನ ಪಕ್ಕ ಸೂಜಿ ತೂರುವಷ್ಟು ತೂತು. ಇಂಥ ತೂತು ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಬಿದ್ದರೆ ಹೊರಗಾಳಿ ಒಳಗೆ ಸೇರಿ, ಮಿಶ್ರಣ ತೆಳುವಾಗಿದೆಯೆಂದು ಸೆನ್ಸರ್ ತಪ್ಪು ತಿಳಿಯುತ್ತದೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಪೆಟ್ರೋಲ್ ಹೆಚ್ಚಿಸುತ್ತದೆ, ಮೈಲೇಜು ಇಳಿಯುತ್ತದೆ. ಕಾರ್ಬುರೇಟರ್ ಬೈಕಿನಲ್ಲಿ ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟಾಗ ಪಟಪಟ ಸದ್ದಿನಿಂದ ತಿಳಿಯುತ್ತದೆ. ಸಾವಿರದೊಳಗಿನ ಪಟ್ಟಿಗಾಗಿ ಹಲವು ಸಾವಿರದ ಪೈಪು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಮಳೆಗಾಲಕ್ಕೆ ಬಿಚ್ಚಿಟ್ಟು ಆಮೇಲೆ ಸುತ್ತೋಣವೆಂದರೆ ಅದೂ ಆಗದು, ಕಾದು ಕಾದು ಗ್ಲಾಸ್ ಫೈಬರ್ ಪೆಡಸಾಗಿ ಬಿಚ್ಚುವಾಗಲೇ ಪುಡಿಯಾಗುತ್ತದೆ. ಬಿಚ್ಚುವ ಮುನ್ನ ಚೆನ್ನಾಗಿ ನೀರು ಹಾಕಿ ನೆನೆಸಿ, ಕತ್ತರಿಸಿ ನೇರ ಚೀಲಕ್ಕೆ ತುಂಬಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಆ ಪುಡಿ ಉಸಿರಿಗೆ ಸೇರಬಾರದು.

ಹಾಗಾದರೆ ಯಾರಿಗೆ? ಅರಸೀಕೆರೆ, ಕಡೂರಿನ ಒಣ ಸೀಮೆಯಲ್ಲಿ ಹೆಚ್ಚು ಓಡಾಡುವವರು, ಪೈಪು ಸ್ಟೇನ್‌ಲೆಸ್ ಆಗಿದ್ದರೆ ಧೈರ್ಯವಾಗಿ ಸುತ್ತಬಹುದು. ಮೂಡಿಗೆರೆ, ಸಕಲೇಶಪುರ, ಕಳಸದ ಕಡೆಯವರು ಮೈಲ್ಡ್ ಸ್ಟೀಲ್ ಪೈಪಿಗೆ ಸುತ್ತಲೇಬೇಡಿ.

ಎಂಜಿನ್ನಿನ ಬಿಸಿಯ ಕಡೆ ದುಡ್ಡಿಲ್ಲದೆ ಆಗುವ ಕೆಲಸವೇ ಹೆಚ್ಚು. ಮಳೆಗಾಲ ಮುಗಿದಾಗ ಫಿನ್ನುಗಳ ಸಂದಿಯಲ್ಲಿ ಕೆಂಪು ಮಣ್ಣು ಒಣಗಿ ಗಾರೆಯಂತೆ ಕೂತಿರುತ್ತದೆ, ಆ ಪದರದಿಂದ ಬಿಸಿ ಹೊರಹೋಗುವುದಿಲ್ಲ. ಎಂಜಿನ್ನು ಪೂರ್ತಿ ಆರಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪುನೀರು ಹಿಡಿದು ಒಂದೊಂದೇ ಸಂದಿ ತೆಗೆಯಿರಿ. ಕಾದ ಬ್ಲಾಕಿಗೆ ತಣ್ಣೀರು ಎರಚಬೇಡಿ. ಕೆಸರಿಗೆಂದು ಹಾಕಿಸಿದ ಉದ್ದದ ಮಡ್ ಫ್ಲ್ಯಾಪು, ಲೆಗ್ ಗಾರ್ಡಿನ ಕ್ಯಾನ್ವಾಸು ಹೆಡ್ಡಿಗೆ ಬರುವ ಗಾಳಿಯನ್ನೇ ತಡೆಯುತ್ತವೆ, ಬೇಸಿಗೆಗೆ ತೆಗೆದಿಡಿ. ಸ್ಕ್ರೂ ಟ್ಯಾಪೆಟ್ (ವಾಲ್ವಿನ ಸಂದನ್ನು ಸ್ಕ್ರೂ ತಿರುಗಿಸಿ ಹೊಂದಿಸುವ ಏರ್ಪಾಡು) ಇರುವ ಎಂಜಿನ್ನಾದರೆ ಎಕ್ಸಾಸ್ಟ್ ವಾಲ್ವಿನ ಸಂದು ತೀರಾ ಬಿಗಿಯಾಗಿಲ್ಲವೇ ಎಂದು ನೋಡಿಸಿ. ವಾಲ್ವು ಪೂರ್ತಿ ಕೂರದಿದ್ದರೆ ತನ್ನ ಬಿಸಿಯನ್ನು ಸೀಟಿಗೆ ಇಳಿಸಲಾಗದೆ ಸುಡುತ್ತದೆ. ಆಯಿಲ್ ಮ್ಯಾನ್ಯುಯಲ್ ಹೇಳಿದ ಗ್ರೇಡಿನದೇ ಇರಲಿ, ಮಟ್ಟವನ್ನು ವಾರಕ್ಕೊಮ್ಮೆ ನೋಡಿ. ಸಾಲಿನಲ್ಲಿ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಎಂಜಿನ್ನು ಆಫ್ ಮಾಡಿ.

ಪಟ್ಟಿಯ ಜಾಗಕ್ಕೆ ಈಗ ಬಂದಿರುವುದು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಸ್ಟೇನ್‌ಲೆಸ್ ಗಾರ್ಡು: 1 ಮಿ.ಮೀ. ಶೀಟು, 25 ಸೆಂ.ಮೀ. ಉದ್ದ, ಕಾಲಿನ ಬದಿಗೆ ಮಾತ್ರ ಅರ್ಧ ಸುತ್ತು. ಪೈಪಿಗೂ ಅದಕ್ಕೂ ನಡುವೆ 8ರಿಂದ 10 ಮಿ.ಮೀ. ಸಂದು, ಮೇಲೆ ಕೆಳಗೆ ತೆರೆದ ಬಾಯಿ. ಕೆಲಸ ಮಾಡುವುದು ಆ ಸಂದಿನಲ್ಲಿ ಹರಿಯುವ ಗಾಳಿಯೇ. ಝಳ ಪಟ್ಟಿಯಷ್ಟು ಕಡಿಮೆಯಾಗುವುದಿಲ್ಲ, ಆದರೆ ಮಳೆ ನಿಂತ ಹತ್ತು ನಿಮಿಷಕ್ಕೆ ಪೈಪು ಒಣಗಿರುತ್ತದೆ. ಮಾಡಿಸುವವರು ನೈಲಾಕ್ ನಟ್ಟು ಹಾಕಿಸಬೇಡಿ, ಒಳಗಿನ ನೈಲಾನ್ ಬಳೆ ಕರಗಿ ಗಾರ್ಡು ಗಲಗಲ ಎನ್ನುತ್ತದೆ. ಪೂರ್ತಿ ಲೋಹದ ಲಾಕ್ ನಟ್ಟು ಕೇಳಿ, ಮೊದಲ 200 ಕಿ.ಮೀ. ಆದ ಮೇಲೆ ಒಮ್ಮೆ ಬಿಗಿಸಿ.