ಮೆತ್ತನೆ ಗಾರ್ಡ್, ಗಟ್ಟಿ ಸ್ಪ್ಲಿಂಟ್, ಬರೀ ವ್ಯಾಯಾಮ: ದವಡೆ ಕೀಲಿನ ನೋವಿಗೆ ಯಾವುದು ಮೊದಲು?

ಕಿವಿಯ ಮುಂದೆ ಕಟಕ್ ಅನ್ನುವ ಸದ್ದು, ಬೆಳಗ್ಗೆ ಏಳುವಾಗ ಕೆನ್ನೆ ಬಿಗಿತ, ಆಕಳಿಸಿದರೆ ನೋವು. ಇಂಥವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ರಾತ್ರಿ ಹಲ್ಲಿನ ಮೇಲೆ ಹಾಕುವ ಮೆತ್ತನೆ ಗಾರ್ಡ್, ಹಾಗೆಯೇ ಹಾಕುವ ಗಟ್ಟಿ ಅಕ್ರಿಲಿಕ್ (ಪ್ಲಾಸ್ಟಿಕ್) ಸ್ಪ್ಲಿಂಟ್, ಇಲ್ಲವೇ ಏನನ್ನೂ ಹಾಕದೆ ಬರೀ ವ್ಯಾಯಾಮ ಮತ್ತು ಶಾಖ. ಮೂರನ್ನೂ ವಾರಗಟ್ಟಲೆ ಬಳಸಿ, ಸ್ಕೇಲ್ ಹಿಡಿದು ಅಳೆದು ನೋಡಿದ ಮೇಲೆ ಬರೆದದ್ದು ಇದು.

ಮೊದಲು ನೋವು ಎಲ್ಲಿಯದು ಅನ್ನುವುದು ಗೊತ್ತಾಗಬೇಕು. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲಿನ ತುದಿಗಳ ನಡುವೆ ಸ್ಟೀಲ್ ಸ್ಕೇಲ್ ಇಟ್ಟು ಬಾಯಿ ಪೂರ್ತಿ ತೆರೆಯಿರಿ. 40 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿ. 35ಕ್ಕಿಂತ ಕಡಿಮೆಯಾದರೆ ಏನೋ ತಡೆಯುತ್ತಿದೆ. ಕನ್ನಡಿಯಲ್ಲಿ ಗಲ್ಲ ಇಳಿಯುವ ದಾರಿಯನ್ನೂ ನೋಡಿ. ಒಂದು ಕಡೆ ವಾಲಿ, ಕಟಕ್ ಎಂದು, ಮತ್ತೆ ನಡುವಿಗೆ ಬಂದರೆ ಕೀಲಿನೊಳಗಿನ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಜಾರಿ ಮರಳಿ ಕೂರುತ್ತಿದೆ. ವಾಲಿದ್ದು ವಾಲಿದಂತೆಯೇ ನಿಂತರೆ ಡಿಸ್ಕ್ ಆ ಬದಿಯಲ್ಲೇ ಅಡ್ಡ ಬಿದ್ದಿರುವ ಸಾಧ್ಯತೆ ಹೆಚ್ಚು. ಮರಳು ಅರೆದಂಥ ಸದ್ದು ಮೂಳೆಯ ಸವೆತದ ಗುರುತು. ಸ್ನಾಯು ನೋವಾದರೆ ಕೆನ್ನೆಯ ಮ್ಯಾಸೆಟರ್ ಸ್ನಾಯು ಮತ್ತು ಕಣತಲೆಯನ್ನು ಒತ್ತಿದಾಗ ರೋಗಿ "ಇದೇ ನೋವು" ಅನ್ನುತ್ತಾರೆ. ಒತ್ತಡ ಸುಮಾರು 1 ಕೆ.ಜಿ. ಇರಬೇಕು, ಅಡುಗೆಮನೆಯ ತಕ್ಕಡಿಯ ಮೇಲೆ ಬೆರಳು ಒತ್ತಿ ಕೈಗೆ ರೂಢಿ ಮಾಡಿಕೊಳ್ಳಬಹುದು. ನೋವಿಲ್ಲದ ಬರೀ ಕಟಕ್ ಸದ್ದಿಗೆ ಚಿಕಿತ್ಸೆಯೇ ಬೇಡ.

ನಮ್ಮ ಮಲೆನಾಡಿನ ಕಡೆ ಇನ್ನೊಂದನ್ನು ಖಂಡಿತ ನೋಡಬೇಕು. ಅಡಿಕೆ, ಗುಟ್ಕಾ ಜಗಿಯುವವರ ಬಾಯಿ ತೆರೆಯದಿದ್ದರೆ ಅದು ಕೀಲಿನ ದೋಷವಲ್ಲದೆ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರ ಗಟ್ಟಿಯಾಗುವ ಕಾಯಿಲೆ) ಆಗಿರಬಹುದು. ಕೆನ್ನೆಯ ಒಳಪದರ ಬಿಳಿಚಿ, ಬೆರಳಿಗೆ ಹಗ್ಗದಂಥ ಪಟ್ಟಿ ಸಿಕ್ಕಿ, ಖಾರ ತಿಂದರೆ ಉರಿಯುತ್ತದೆ. ಅದು ಕ್ಯಾನ್ಸರ್‌ಗೆ ತಿರುಗಬಲ್ಲ ಕಾಯಿಲೆ. ಅಂಥವರಿಗೆ ಸ್ಪ್ಲಿಂಟ್ ಕೊಟ್ಟು ಕಳಿಸುವುದು ದೊಡ್ಡ ತಪ್ಪು.

ಈಗ ಮೆತ್ತನೆ ಗಾರ್ಡ್. 2–3 ಮಿ.ಮೀ. ದಪ್ಪದ ಇವಿಎ (ರಬ್ಬರಿನಂಥ ಪ್ಲಾಸ್ಟಿಕ್) ಹಾಳೆಯನ್ನು ಬಿಸಿ ಮಾಡಿ ಹಲ್ಲಿನ ಅಚ್ಚಿನ ಮೇಲೆ ಎಳೆದು ಮಾಡುತ್ತಾರೆ. ಅಗ್ಗ, ಅಳತೆಗೆ ಒಂದೇ ಭೇಟಿ ಸಾಕು, ಹಾಕಿದ ದಿನದಿಂದಲೇ ಹಾಯೆನಿಸುತ್ತದೆ. ಮೂಡಿಗೆರೆಯಿಂದಲೋ ಸಕಲೇಶಪುರದಿಂದಲೋ ಮಳೆಗಾಲದಲ್ಲಿ ಬಸ್ಸು ಹಿಡಿದು ಬರುವವರಿಗೆ ಇದು ಸಣ್ಣ ವಿಷಯವಲ್ಲ. ತೊಂದರೆ ಇರುವುದು ಆಕಾರದಲ್ಲಿ. ದವಡೆ ಬಾಗಿಲಿನ ಹಾಗೆ ಹಿಂದಿನ ಕೀಲಿನ ಮೇಲೆ ಮುಚ್ಚುತ್ತದೆ. ಎಲ್ಲೆಡೆ ಒಂದೇ ದಪ್ಪದ ಹಾಳೆಯಿದ್ದರೆ ಹಿಂದಿನ ದವಡೆ ಹಲ್ಲುಗಳು ಮೊದಲು ತಾಗುತ್ತವೆ. ಅದನ್ನು ತಿದ್ದಲು ಹೋದರೆ ಉಜ್ಜುವ ಯಂತ್ರದ ತುದಿ (ಬರ್) ರಬ್ಬರಿನಲ್ಲಿ ಸಿಕ್ಕಿ ಎಳೆಯುತ್ತದೆ, ನುಣುಪಾಗಿ ಸವೆಯುವುದಿಲ್ಲ. ಮೆತ್ತಗಿರುವುದನ್ನು ನಿದ್ದೆಯಲ್ಲಿ ಜಗಿಯುವವರೂ ಇದ್ದಾರೆ. ಅವರ ಕೆನ್ನೆ ಬೆಳಗ್ಗೆ ಇನ್ನೂ ಬಿಗಿದಿರುತ್ತದೆ. ಹಲ್ಲಿನ ಸವೆತ ತಡೆಯಲು ಸರಿ, ಕೀಲಿನ ನೋವಿಗೆ ನಮ್ಮ ಮೊದಲ ಆಯ್ಕೆ ಅಲ್ಲ.

ಗಟ್ಟಿ ಸ್ಪ್ಲಿಂಟ್‌ಗೆ ಮೇಲೆ ಕೆಳಗೆ ಎರಡೂ ಅಚ್ಚು, ಜೊತೆಗೆ ಕಚ್ಚುವಿಕೆಯ ದಾಖಲೆ ಬೇಕು. ಹಿಂದಿನ ಹಲ್ಲುಗಳ ನಡುವೆ ದಪ್ಪ ಸುಮಾರು 2 ಮಿ.ಮೀ. ಬಣ್ಣದ ಕಾಗದ ಕಚ್ಚಿಸಿದಾಗ ಎದುರಿನ ಎಲ್ಲ ಹಿಂದಿನ ಹಲ್ಲುಗಳ ಗುರುತೂ ಸಮವಾಗಿ ಬೀಳಬೇಕು. ದವಡೆಯನ್ನು ಪಕ್ಕಕ್ಕೆ ಜಾರಿಸಿದರೆ ಕೋರೆಹಲ್ಲು ಮಾತ್ರ ತಾಗಬೇಕು. ಸ್ನಾಯು ಸಡಿಲವಾದಂತೆ ದವಡೆ ಕೂರುವ ಜಾಗ ಬದಲಾಗುವುದರಿಂದ ಒಂದೆರಡು ವಾರಕ್ಕೆ ಮತ್ತೆ ಗುರುತು ಹಾಕಿ ಉಜ್ಜಬೇಕು. ಸ್ಪ್ಲಿಂಟ್ ಸೋಲುವುದು ಹೆಚ್ಚಾಗಿ ಇಲ್ಲೇ: ಹಾಕಿಸಿಕೊಂಡು ಹೋದವರು ತಿದ್ದಿಸಲು ಬರುವುದಿಲ್ಲ. ರಾತ್ರಿ ಮಾತ್ರ ಹಾಕಬೇಕು. ಹಗಲು ರಾತ್ರಿ ಹಾಕಿದರೆ ಕಚ್ಚುವಿಕೆಯೇ ಬದಲಾಗಬಹುದು. ಮುಂದಿನ ಹಲ್ಲಿಗಷ್ಟೇ ಕೂರುವ ಚಿಕ್ಕ ಸಾಧನ ಇನ್ನೂ ಅಪಾಯ, ಹಿಂದಿನ ಹಲ್ಲುಗಳು ಎದ್ದು ಬರಬಹುದು. ಬಿಸಿ ನೀರಲ್ಲಿ ತೊಳೆದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ.

ಹಾಗಿದ್ದೂ ನಾವು ಮೊದಲು ಹೇಳುವುದು ವ್ಯಾಯಾಮವನ್ನೇ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿಯೂ ದೀರ್ಘಕಾಲದ ದವಡೆ ನೋವಿಗೆ ವ್ಯಾಯಾಮ, ತರಬೇತಾದವರ ಕೈಚಿಕಿತ್ಸೆ ಮತ್ತು ಯೋಚನೆ, ನಡವಳಿಕೆ ತಿದ್ದುವ ಮನೋಚಿಕಿತ್ಸೆಯ (ಸಿಬಿಟಿ) ಪರವಾಗಿಯೇ ಇದೆ. ಸ್ಪ್ಲಿಂಟ್‌ಗೆ ಅಷ್ಟು ಬೆಂಬಲವಿಲ್ಲ. ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲಿನ ಹಿಂದೆ ಅಂಗುಳಕ್ಕೆ ಒತ್ತಿ, ಅದು ಬಿಡದಷ್ಟೇ ಬಾಯಿ ತೆರೆಯಿರಿ. ಹೊತ್ತಿಗೆ 6 ಸಲ, ದಿನಕ್ಕೆ 6 ಹೊತ್ತು. ಅದಕ್ಕೆ ಮುಂಚೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು 15 ನಿಮಿಷ ಕೆನ್ನೆಗಿಡಿ. ಉಳಿದ ಹೊತ್ತು ತುಟಿ ಮುಚ್ಚಿರಲಿ, ಹಲ್ಲುಗಳು ಬಿಟ್ಟಿರಲಿ. ನೋವನ್ನು ಮೀರಿ ಎಳೆಯುವವರಿಗೆ ಉರಿಯೂತ ಹೆಚ್ಚುತ್ತದೆ; ಕೀಲು ಆಗಾಗ ಜಾರುವವರು ಬಾಯಿ ಹಿಗ್ಗಿಸುವ ವ್ಯಾಯಾಮ ಮಾಡಲೇಬಾರದು. ಖರ್ಚಿಲ್ಲದ ಈ ದಾರಿಯಲ್ಲಿ ಕಷ್ಟವೆಂದರೆ 4–6 ವಾರ ಬಿಡದೆ ಮಾಡುವುದು.

ಊಟದ ವಿಷಯದಲ್ಲಿ ಹಾಸನದವರಿಗೆ ಅನುಕೂಲವೇ ಇದೆ: ಮುದ್ದೆಯನ್ನು ಜಗಿಯದೆ ನುಂಗುತ್ತೇವೆ. ಕಡುಬು, ಬಸ್ಸಾರು ಸರಿ. ಕಬ್ಬು, ಕೋಡುಬಳೆ, ಎಲೆಅಡಿಕೆ ಬೇಡ.

ಹಲ್ಲು ಕಡಿದು ಸವೆಸಿಕೊಂಡವರಿಗೆ, ಆರು ವಾರದ ವ್ಯಾಯಾಮದ ನಂತರವೂ ಬೆಳಗಿನ ನೋವು ಉಳಿದವರಿಗೆ ಗಟ್ಟಿ ಸ್ಪ್ಲಿಂಟ್ ಮಾಡಿಸುವುದು ಸರಿ. ಕಚ್ಚುವಿಕೆ ಸರಿಪಡಿಸುತ್ತೇವೆಂದು ಒಳ್ಳೆಯ ಹಲ್ಲುಗಳನ್ನು ಉಜ್ಜಲು ಮಾತ್ರ ಬಿಡಬೇಡಿ, ಉಜ್ಜಿದ ಎನಾಮಲ್ ಮರಳಿ ಬೆಳೆಯುವುದಿಲ್ಲ. ಐವತ್ತು ದಾಟಿದವರಿಗೆ ಜಗಿಯುವಾಗ ದವಡೆ ಸೋತು, ಕಣತಲೆ ನೋವು, ಕಣ್ಣು ಮಂಜು ಬಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು; ರಕ್ತನಾಳದ ಉರಿಯೂತವಾಗಿದ್ದರೆ ದೃಷ್ಟಿಯೇ ಹೋದೀತು. ಇನ್ನು ಮೊದಲು ಕಟಕ್ ಅನ್ನುತ್ತಿದ್ದ ಕೀಲು ಏಕಾಏಕಿ ಸದ್ದು ನಿಲ್ಲಿಸಿ, ಬಾಯಿ 25 ಮಿ.ಮೀ.ಗೆ ಹಿಡಿದುಕೊಂಡರೆ ತಿಂಗಳುಗಟ್ಟಲೆ ಕಾಯದೆ ದಂತ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ತೋರಿಸಿ. ಅಲ್ಲಿ ತೆಗೆಯುವ ಒಪಿಜಿ (ಇಡೀ ದವಡೆಯ ಎಕ್ಸ್-ರೇ) ಮೂಳೆಯನ್ನಷ್ಟೇ ತೋರಿಸುತ್ತದೆ, ಡಿಸ್ಕ್ ಕಾಣಬೇಕಾದರೆ ಎಂಆರ್‌ಐಯೇ ಬೇಕು.